ಕಾಮನ್ ಆ್ಯಪ್‌ನಲ್ಲಿ ಮಕ್ಕಳ ಕನ್ನಡವನ್ನು ತೋರಿಸುವುದು ಹೇಗೆ

ಹಲವು ಕಾಲೇಜುಗಳಿಗೆ ಒಂದೇ ಕಡೆಯಿಂದ ಅರ್ಜಿ ಹಾಕುವ ಆನ್‌ಲೈನ್ ವ್ಯವಸ್ಥೆಯಾದ ಕಾಮನ್ ಆ್ಯಪ್ ಮೂಲಕ ಅಮೆರಿಕದ ಕಾಲೇಜುಗಳಿಗೆ ಅರ್ಜಿ ಹಾಕುತ್ತಿರುವ ಮಕ್ಕಳ ಕನ್ನಡವನ್ನು ಭಾಷೆಗಳ ಪಟ್ಟಿಯಲ್ಲಿ ಹಾಕಿ ಅಲ್ಲಿಗೇ ಬಿಡಬೇಡಿ, ಅದರಿಂದ ಮಾಡುವ ಕೆಲಸವನ್ನು ಚಟುವಟಿಕೆಗಳ ಭಾಗದಲ್ಲೂ ಬರೆಯಿರಿ. ಭಾಷೆಯ ಭಾಗದಲ್ಲಿ ಮೊದಲ ಭಾಷೆ, ಮಾತು, ಓದು, ಬರಹ, ಮನೆಮಾತು ಎಂಬ ಚೌಕಗಳಿಗೆ ಗುರುತು ಹಾಕಬಹುದೇ ಹೊರತು ಎಷ್ಟು ಬರುತ್ತದೆ ಎಂದು ಹೇಳಲು ಜಾಗವಿಲ್ಲ. ಅಂಗಡಿಯ ಫಲಕವನ್ನಷ್ಟೇ ಓದುವವರೂ ದಿನಪತ್ರಿಕೆ ಓದುವವರೂ ಅಲ್ಲಿ ಒಂದೇ ರೀತಿ ಕಾಣುತ್ತಾರೆ. ಚಟುವಟಿಕೆಯ ವಿವರಣೆಗೆ ಸಿಗುವುದು 150 ಅಕ್ಷರ, ಅದರಲ್ಲಿ ಖಾಲಿ ಜಾಗವೂ ಸೇರಿದೆ. ಹಾಗಾಗಿ 'ಕನ್ನಡ ಸರಾಗವಾಗಿ ಬರುತ್ತದೆ' ಎಂದು ಬರೆದು ಜಾಗ ಕಳೆಯದೆ ಕ್ರಿಯಾಪದದಿಂದಲೇ ಶುರುಮಾಡಿ: 'ಕನ್ನಡ ಶಾಲೆಯಲ್ಲಿ 12 ಮಕ್ಕಳಿಗೆ ಕಾಗುಣಿತ, ಒತ್ತಕ್ಷರ ಕಲಿಸುವುದು, ಅಜ್ಜನ ಔಷಧಿ ಚೀಟಿಗಳನ್ನು ಕನ್ನಡದಲ್ಲಿ ಬರೆದುಕೊಡುವುದು' ಎಂಬುದರ ಇಂಗ್ಲಿಷ್ ರೂಪ ಸಾಕು. ವಾರಕ್ಕೆ ಎಷ್ಟು ಗಂಟೆ, ವರ್ಷಕ್ಕೆ ಎಷ್ಟು ವಾರ ಎಂಬುದಕ್ಕೆ ಬೇರೆ ಅಂಕಣವಿದೆ, ಅದನ್ನು ವಿವರಣೆಯೊಳಗೆ ತುರುಕಬೇಡಿ. ಎರಡು ಭಾಷೆಗಳಲ್ಲಿ ಓದು, ಬರಹ ಬಲ್ಲವರಿಗೆ ಕೊಡುವ ಮಾನ್ಯತೆಯಾದ ದ್ವಿಭಾಷಾ ಮುದ್ರೆ, ಅಂದರೆ ಸೀಲ್ ಆಫ್ ಬೈಲಿಟರಸಿ, ಶಾಲೆಯಿಂದ ಸಿಕ್ಕಿದ್ದರೆ ಅದು ಪ್ರಶಸ್ತಿಗಳ ಭಾಗಕ್ಕೆ ಹೋಗಲಿ. ಮಗುವಿಗೆ ಮಾತು ಮಾತ್ರ ಬರುತ್ತದೆ ಎಂದಾದರೆ ಓದು, ಬರಹದ ಚೌಕಗಳನ್ನು ದಯವಿಟ್ಟು ಖಾಲಿ ಬಿಡಿ. ಮಾತು ಬರುವುದೇ ದೊಡ್ಡ ಆಸ್ತಿ, ಅದಕ್ಕೆ ಸುಳ್ಳು ಬೆರೆಸುವ ಅಗತ್ಯವಿಲ್ಲ. ಚಟುವಟಿಕೆಗಳಲ್ಲಿ ಬರೆಯುವ ಈ ಉಪಾಯ ಫಲಿಸದಿರುವುದು ಭಾಷೆಯಿಂದ ಮನೆಯಲ್ಲಾಗಲಿ ಹೊರಗಾಗಲಿ ಯಾವ ಕೆಲಸವನ್ನೂ ನಿಯಮಿತವಾಗಿ ಮಾಡದಿದ್ದಾಗ. ಆಗ ಚೌಕಗಳಷ್ಟೇ ಸಾಕು. ಕನ್ನಡವನ್ನು ಮೊದಲ ಭಾಷೆ ಎಂದು ಗುರುತಿಸಿದರೆ ಕೆಲವು ಕಾಲೇಜುಗಳು ಇಂಗ್ಲಿಷ್ ಪರೀಕ್ಷೆಯ ಅಂಕ ಕೇಳಬಹುದು. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರಿಗೆ ಹಲವೆಡೆ ವಿನಾಯಿತಿ ಇದೆ, ಆಯಾ ಕಾಲೇಜಿನ ನಿಯಮ ಮೊದಲೇ ನೋಡಿಕೊಳ್ಳಿ.