ಅರ್ಧ ಟ್ಯಾಂಕ್ ಇಳಿದರೆ ಮಾತ್ರ ಮಿಸ್ಸಿಂಗ್

ನನ್ನದು ಹಳೆ ಡೀಸೆಲ್ ಪಿಕಪ್, ನಾಲ್ಕು ಸಿಲಿಂಡರ್, ಕಂಪ್ಯೂಟರ್ ಗಿಂಪ್ಯೂಟರ್ ಏನೂ ಇಲ್ಲ. ಗಂಗಾವತಿಯಲ್ಲಿ ಅಕ್ಕಿ ಚೀಲ ಹೇರಿಕೊಂಡು ಕಾರಟಗಿ, ಸಿಂಧನೂರು ಕಡೆ ಹೋಗುವಾಗ ಒಮ್ಮೊಮ್ಮೆ ಮಿಸ್ಸಿಂಗ್ ಹೊಡೆಯುತ್ತಿತ್ತು, ಅಂದರೆ ಯಾವುದೋ ಸಿಲಿಂಡರ್ ಉರಿಯದೆ ತಪ್ಪುತ್ತಿತ್ತು. ಎಂಜಿನ್ ನಡುಗುವುದು, ಎಳೆತ ಕಮ್ಮಿಯಾಗುವುದು, ಹಿಂದೆ ಬಿಳಿ ಹೊಗೆ. ಸ್ವಲ್ಪ ದೂರ ಹೋದರೆ ತಾನೇ ಸರಿ. ಗ್ಯಾರೇಜಿಗೆ ತಂದು ನಿಲ್ಲಿಸಿದರೆ ಗಡಿಯಾರದ ಹಾಗೆ ಓಡುತ್ತಿತ್ತು.

"ನಾಝಲ್ ಹೋಗ್ಯಾವ್ರಿ ಅಣ್ಣಾರ, ಪಂಪೂ ಬಿಚ್ಚಿ ಕ್ಯಾಲಿಬ್ರೇಷನ್ ಮಾಡಿಸಿಬಿಡ್ರಿ" ಎಂದರು ಮೇಸ್ತ್ರಿ. ನಾಝಲ್ ಅಂದರೆ ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ಮೂತಿ, ಅದಕ್ಕೆ ಒತ್ತಡದಲ್ಲಿ ಡೀಸೆಲ್ ಕಳಿಸುವುದು ಪಂಪು. ಅದನ್ನು ಬಿಚ್ಚಿ ಅಳತೆ ಸರಿಮಾಡಿಸುವುದು ದೊಡ್ಡ ಖರ್ಚು. ಅದೂ ಅಲ್ಲದೆ ನಾಝಲ್ ಕೆಟ್ಟಿದ್ದರೆ ದಿನಾ ತೊಂದರೆ ಕೊಡಬೇಕು, ಅಲ್ವಾ? ಇದು ಬಂದು ಹೋಗುವ ಕಾಯಿಲೆ. ಯಾವಾಗ ಬರುತ್ತದೆ ಅಂತ ಗೊತ್ತಾಗದೆ ಸ್ಪ್ಯಾನರ್ ಮುಟ್ಟಬಾರದು ಅಂತ ತೀರ್ಮಾನಿಸಿದೆ. ಬಿಸಿಲು, ಲೋಡು, ರಸ್ತೆ, ಡೀಸೆಲ್ ಎಷ್ಟಿದೆ ಅಂತ ತೋರಿಸುವ ಮುಳ್ಳು, ಎಲ್ಲಾ ಬರೆದಿಡತೊಡಗಿದೆ. ಬಿಸಿಲಿನ ಮೇಲೆ ನನಗೆ ಅನುಮಾನ ಜಾಸ್ತಿ ಇತ್ತು, ನಮ್ಮ ಕಡೆ ಬೇಸಿಗೆ ಅಂದರೆ ಗೊತ್ತಲ್ಲ. ಆದರೆ ಚೀಟಿ ಬೇರೆಯೇ ಹೇಳಿತು. ಮುಳ್ಳು ಅರ್ಧಕ್ಕಿಂತ ಕೆಳಗಿದ್ದಾಗ ಮಾತ್ರ ಮಿಸ್ಸಿಂಗ್. ಅಂಥ ರಾತ್ರಿ ನಿಲ್ಲಿಸಿದರೆ ಬೆಳಿಗ್ಗೆ ಸ್ಟಾರ್ಟ್ ಆಗಲೂ ಸತಾಯಿಸುತ್ತಿತ್ತು.

ಮುಂದಿನ ಸಲ ಕಾಯಿಲೆ ಬಂದಾಗಲೇ ಗಾಡಿ ನಿಲ್ಲಿಸಿ, ಎಂಜಿನ್ ಓಡುತ್ತಿರುವಾಗಲೇ ನಾಝಲ್ ಪೈಪಿನ ನಟ್ ಒಂದೊಂದಾಗಿ ಸಡಿಲ ಮಾಡಿದೆ. ಸಡಿಲ ಮಾಡಿದಾಗ ಎಂಜಿನ್ ಸದ್ದು ಬದಲಾಗದ ಸಿಲಿಂಡರೇ ಸತ್ತ ಸಿಲಿಂಡರ್. ಒಂದು ಸಲ ಎರಡನೆಯದು ಸತ್ತಂತೆ ಕಂಡಿತು, ಸ್ವಲ್ಪ ಹೊತ್ತಿಗೆ ನಾಲ್ಕನೆಯದು. ಜಾಗ ಬದಲಾಯಿಸುವ ಕಾಯಿಲೆ ನಾಝಲ್‌ದಲ್ಲ. ಎಲ್ಲದಕ್ಕೂ ಡೀಸೆಲ್ ಕೊಡುವ ಲೈನಿನಲ್ಲೇ ಏರ್ ಬರುತ್ತಿರಬೇಕು. ಒಂದು ಮಾತು: ಆ ಪೈಪಿನಲ್ಲಿ ಒತ್ತಡ 100 ಬಾರ್‌ಗೂ ಜಾಸ್ತಿ, ಡೀಸೆಲ್ ಚಿಮ್ಮಿದರೆ ಚರ್ಮದೊಳಗೇ ಹೋಗುತ್ತದೆ. ಕೈ, ಮುಖ ದೂರ ಇರಲಿ. ಕಂಪ್ಯೂಟರ್ ಇರುವ ಹೊಸ ಥರದ ಡೀಸೆಲ್, ಅಂದರೆ ಕಾಮನ್ ರೈಲ್ ಗಾಡಿಯಲ್ಲಿ ಒತ್ತಡ 1,000 ಬಾರ್ ದಾಟುತ್ತದೆ, ಅಲ್ಲಿ ಈ ಪರೀಕ್ಷೆ ಬೇಡವೇ ಬೇಡ.

ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪಿಗೆ ಬರುವ ಪೈಪಿನ ನಡುವೆ ಡೀಸೆಲ್‌ಗೆ ತಡೆಯುವ ಪಾರದರ್ಶಕ ಪೈಪ್ ತುಂಡು ಸೇರಿಸಿದೆ. ರೇಸ್ ಕೊಟ್ಟರೆ ಸಾಲುಸಾಲು ಗುಳ್ಳೆ. ಆದರೆ ಎಲ್ಲೂ ಒಂದು ಹನಿ ಸೋರಿಕೆ ಇಲ್ಲ. ಬಹಳ ಜನ ಇಲ್ಲೇ ಮೋಸ ಹೋಗುತ್ತಾರೆ. ಟ್ಯಾಂಕಿನಿಂದ ಫೀಡ್ ಪಂಪಿನವರೆಗೆ ಡೀಸೆಲನ್ನು ಎಳೆದುಕೊಳ್ಳುವುದು ತಾನೆ, ಹಾಗಾಗಿ ತೂತಿದ್ದರೆ ಗಾಳಿ ಒಳಗೆ ಹೋಗುತ್ತದೆ, ಡೀಸೆಲ್ ಹೊರಗೆ ಬರುವುದಿಲ್ಲ. ಕ್ಲಿಪ್‌ಗಳನ್ನೆಲ್ಲ ಬಿಗಿ ಮಾಡಿದೆ, ಗುಳ್ಳೆ ನಿಲ್ಲಲಿಲ್ಲ. ಅದೇ ತುಂಡನ್ನು ಟ್ಯಾಂಕಿನಿಂದ ಪೈಪ್ ಹೊರಡುವ ಕಡೆ ಹಾಕಿದೆ. ಅಲ್ಲೂ ಗುಳ್ಳೆ. ಅಂದರೆ ಚಾಸಿ ಉದ್ದಕ್ಕೂ ಇರುವ ಪೈಪಿನ ತಪ್ಪಲ್ಲ, ಕಳ್ಳ ಟ್ಯಾಂಕಿನ ಒಳಗೇ ಇದ್ದಾನೆ.

ಡೀಸೆಲ್ ಎಳೆಯಲು ಟ್ಯಾಂಕಿನೊಳಗೆ ಇಳಿಬಿಟ್ಟ ಸಕ್ಷನ್ ಪೈಪ್ ಬಿಚ್ಚಿ ತೆಗೆದೆ. ಒಂದು ತುದಿ ಮುಚ್ಚಿ, ಬಕೆಟ್ ನೀರಿನಲ್ಲಿ ಮುಳುಗಿಸಿ ಊದಿದರೆ ನಡುಮಧ್ಯೆ ತುಕ್ಕು ಹಿಡಿದ ಕಡೆ ಗುಳ್ಳೆ ಎದ್ದಿತು. ಸೂಜಿ ಮೊನೆಯಷ್ಟು ತೂತು. ಡೀಸೆಲ್ ಅದಕ್ಕಿಂತ ಮೇಲಿರುವವರೆಗೆ ತೊಂದರೆ ಇಲ್ಲ. ಕೆಳಗಿಳಿದರೆ ಅಲ್ಲಿಂದ ಗಾಳಿ. ನಿಂತ ಗಾಡಿಯಲ್ಲಿ ಲೈನಿನ ಡೀಸೆಲ್ ವಾಪಸ್ ಟ್ಯಾಂಕಿಗೆ ಇಳಿದುಹೋಗುತ್ತಿತ್ತು, ಬೆಳಗಿನ ಸತಾವಣೆ ಅದರದ್ದೇ.

ಪೈಪನ್ನು ಟ್ಯಾಂಕಿನಿಂದ ದೂರ ಒಯ್ದು, ಚೆನ್ನಾಗಿ ತೊಳೆದು ಒಣಗಿಸಿ, ಹಿತ್ತಾಳೆ ಕರಗಿಸಿ ತೂತು ಮುಚ್ಚುವ ಬ್ರೇಜಿಂಗ್ ಮಾಡಿಸಿದೆ. ಜೋಡಿಸಿದ ಮೇಲೆ ಫಿಲ್ಟರಿನ ಏರ್ ಸ್ಕ್ರೂ ಸಡಿಲಿಸಿ, ನೊರೆ ನಿಂತು ಬರೀ ಡೀಸೆಲ್ ಬರುವವರೆಗೆ ಕೈಪಂಪ್ ಒತ್ತಿದೆ. ಟ್ಯಾಂಕ್ ತುಂಬಿಸಿ ಓಡಿಸಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಅದಕ್ಕೇ ಮುಳ್ಳು ಕಾಲು ಭಾಗಕ್ಕೆ ಇಳಿಯುವವರೆಗೆ ಲೋಡಿನಲ್ಲೇ ಓಡಿಸಿದೆ. ಪಾರದರ್ಶಕ ಪೈಪಿನಲ್ಲಿ ಒಂದು ಗುಳ್ಳೆಯೂ ಇಲ್ಲ ಅಂತ ನೋಡಿದ ಮೇಲೆಯೇ ಅದನ್ನು ತೆಗೆದು ಹಳೆ ಪೈಪ್ ಹಾಕಿದೆ.