ಪಹಣಿಯಲ್ಲಿ ತರಿ ಅಂತಿದ್ದರೆ ನಾನು ಟೋಕನ್ ಅಡ್ವಾನ್ಸ್ ಕೊಡಲ್ಲ

ಬೆಂಗಳೂರಲ್ಲಿ ಸೈಟು ನೋಡೋಕೆ ನಾನು ಹೋಗೋದು ಜೋರು ಮಳೆ ಬಿದ್ದ ಮಾರನೇ ದಿನ ಬೆಳಿಗ್ಗೆ. ಬ್ರೋಕರುಗಳಿಗೆ ಇದು ಸರಿಬರಲ್ಲ. ಅವರದ್ದೇನಿದ್ದರೂ ಬೇಸಿಗೆ, ಭಾನುವಾರ, ಎಳನೀರು ಕುಡಿಸಿ ತೋರಿಸೋದು. ‘ಈ ಕೆಸರಲ್ಲಿ ಏನ್ ನೋಡ್ತೀರಾ ಸಾರ್’ ಅಂತ ನಕ್ಕವರೇ ಹೆಚ್ಚು. ಈಗ ಅವರಲ್ಲೇ ಇಬ್ಬರು, ಸ್ವಂತಕ್ಕೆ ತಗೊಳ್ಳೋ ಮುಂಚೆ ನನಗೆ ಸರ್ವೆ ನಂಬರ್ ವಾಟ್ಸಾಪ್ ಮಾಡ್ತಾರೆ. ಅದಕ್ಕೇ ಬರೆಯೋ ಧೈರ್ಯ ಬಂತು.

ಇಸಿ (ಋಣಭಾರ ಪತ್ರ), ಮದರ್ ಡೀಡ್ (ಮೂಲ ಪತ್ರ), ಖಾತಾ, ಕನ್ವರ್ಷನ್ (ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಾಯಿಸಿದ ಆದೇಶ) ಎಲ್ಲ ನಿಮಗೆ ಗೊತ್ತಿರೋದೇ. ನನ್ನ ಮೊದಲ ಸೈಟಿಗೂ ಅವೆಲ್ಲ ಸರಿಯಾಗೇ ಇದ್ದವು. 2010ರಲ್ಲಿ ಹೊರಮಾವು ಕಡೆ ತಗೊಂಡ 30×40, ಹತ್ತಿರ ಹತ್ತಿರ ಹದಿನಾಲ್ಕು ಲಕ್ಷ. ಇಪ್ಪತ್ತು ಮೀಟರ್ ಆಚೆ ಒಂದು ಮೋರಿ ಹರೀತಿತ್ತು. ನನ್ನ ಕಣ್ಣಿಗೆ ಮೋರಿ, ದಾಖಲೆಯಲ್ಲಿ ತೃತೀಯ ರಾಜಕಾಲುವೆ, ಅಂದರೆ ಮಳೆನೀರು ಕಾಲುವೆಗಳಲ್ಲಿ ಮೂರನೇ ದರ್ಜೆಯದು. 2015ರ ಮಾಸ್ಟರ್ ಪ್ಲಾನ್ (ಹೆಸರಿಗೆ 2015, ಬಂದಿದ್ದು 2007ರಲ್ಲೇ) ಪ್ರಕಾರ ಅದಕ್ಕೆ 15 ಮೀಟರ್ ಬಿಟ್ಟರೆ ಸಾಕಿತ್ತು. 2016ರ ಮೇ ತಿಂಗಳಲ್ಲಿ ಹಸಿರು ನ್ಯಾಯಮಂಡಳಿ ಅದನ್ನು 25ಕ್ಕೆ ಏರಿಸಿತು. ಪ್ರಾಥಮಿಕ ಕಾಲುವೆಗೆ 50, ದ್ವಿತೀಯಕ್ಕೆ 35, ಕೆರೆಗೆ 75. ನನ್ನ ಸೈಟು ರಾತ್ರೋರಾತ್ರಿ ಬಫರ್ ಒಳಗೆ, ಅಂದರೆ ಏನೂ ಕಟ್ಟದೆ ಬಿಡಬೇಕಾದ ಜಾಗದಲ್ಲಿ. ಪ್ಲಾನೂ ಇಲ್ಲ, ಲೋನೂ ಇಲ್ಲ. 2017ರಲ್ಲಿ ಹನ್ನೊಂದಕ್ಕೆ ಮಾರಿ ಕೈ ತೊಳಕೊಂಡೆ. ಏಳು ವರ್ಷದ ಬಡ್ಡಿ ಲೆಕ್ಕ ಹಾಕಬೇಡಿ, ನಾನೂ ಹಾಕಿಲ್ಲ. 2019ರ ಮಾರ್ಚಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನೇ ರದ್ದು ಮಾಡಿತು. ತಗೊಂಡವನು ಅದೇ ವರ್ಷ ಪಾಯ ತೋಡಿಸಿದ.

ಹೊಟ್ಟೆ ಉರೀತು, ಸುಳ್ಳು ಹೇಳಲ್ಲ. ಎರಡು ಮಳೆಗಾಲ ಕಳೆದ ಮೇಲೆ ಆ ಬೀದಿಗೆ ಹೋಗಿದ್ದೆ. ನೀರು ಒಳಗೆ ನುಗ್ಗದ ಹಾಗೆ ಅವನ ಬಾಗಿಲಿಗೆ ಅಡ್ಡವಾಗಿ ಮೊಣಕಾಲೆತ್ತರದ ಗ್ರಾನೈಟ್ ಚಪ್ಪಡಿ ನಿಲ್ಲಿಸಿ ಸಿಮೆಂಟ್ ಮೆತ್ತಿದ್ದ. ಆ ಮನೆಯ ಅಜ್ಜಿ ಸೀರೆ ಎತ್ತಿಕೊಂಡು, ಗೋಡೆ ಹಿಡಿದು ದಾಟಿ ಬಂದರು. ಪಕ್ಕದ ಮನೆಗಳನ್ನೂ ನೋಡಿದೆ: ನೆಲಮಹಡಿಯ ಸ್ವಿಚ್‌ಬೋರ್ಡ್ ಎಲ್ಲಾ ಎದೆಮಟ್ಟಕ್ಕೆ ಏರಿವೆ, ಗೋಡೆಗೆ ಸೊಂಟದವರೆಗೆ ಮಾತ್ರ ಹೊಸ ಬಣ್ಣ. ಅವತ್ತಿಂದ ನಾನು ಸೈಟು ನೋಡೋಕೆ ಮುಂಚೆ ಅಕ್ಕಪಕ್ಕದ ಮನೆ ನೋಡ್ತೀನಿ. ಮೀಟರ್ ಬೋರ್ಡ್ ಎಷ್ಟು ಎತ್ತರ, ಹೊಸಿಲು ಎಷ್ಟು ಎತ್ತರ. ಸೈಟಲ್ಲೇ ಒಂದೆಲಗ, ಹೊನ್ನಗೊನ್ನೆಯಂಥ ಜೌಗಿನ ಸೊಪ್ಪು ತಾನಾಗಿ ಹಬ್ಬಿದ್ದರೆ ಕಾರಿಂದ ಇಳಿಯೋದೂ ಇಲ್ಲ.

ಕಾಗದದ ಕೆಲಸ ಅದಕ್ಕಿಂತ ಮುಖ್ಯ. ಸರ್ವೆ ನಂಬರ್‌ಗಳನ್ನು ನಕ್ಷೆ ಮೇಲೆ ತೋರಿಸೋ ಸರ್ಕಾರದ ದಿಶಾಂಕ್ ಆಪ್ ಎಲ್ಲರೂ ನೋಡ್ತಾರೆ, ಒಳ್ಳೇದೇ. ಆದರೆ ಕನ್ವರ್ಷನ್ ಆದ ಜಮೀನಿನ ಈಗಿನ ಪಹಣಿ ಹಳೇ ಕಥೆ ಹೇಳಲ್ಲ. ಪಹಣಿಯನ್ನು ಕಂಪ್ಯೂಟರಿಗೆ ಏರಿಸಿದ ‘ಭೂಮಿ’ ಯೋಜನೆ ಬರೋ ಮುಂಚಿನ, ಅಂದರೆ 2000ಕ್ಕಿಂತ ಹಿಂದಿನ ಕೈಬರಹದ ಪಹಣಿ ತೆಗೆಸಿ. ಖುಷ್ಕಿ (ಮಳೆ ನಂಬಿದ ಒಣ ಜಮೀನು) ಅಂತಿದ್ದರೆ ಮುಂದಿನ ಮಾತು. ತರಿ ಅಂತಿದ್ದರೆ ಅದು ಕೆರೆ ಕೆಳಗಿನ ಗದ್ದೆ, ನೀರು ತಾನಾಗಿ ಇಳಿದು ಬರ್ತಿದ್ದ ಜಾಗ. ಜೊತೆಗೆ ಗ್ರಾಮ ನಕ್ಷೆ ಇಟ್ಟುಕೊಂಡು ಮೇಲಿನ ಕೆರೆಯ ಕೋಡಿಯಿಂದ (ತುಂಬಿದ ನೀರು ಹೊರಬೀಳೋ ಜಾಗ) ಕೆಳಗಿನ ಕೆರೆವರೆಗೆ ಪೆನ್ಸಿಲಲ್ಲಿ ಹಳ್ಳ ಎಳೀರಿ. ಹಳ್ಳ, ದಾರಿ ಅಂತ ಸಾರ್ವಜನಿಕರಿಗೆ ಬಿಟ್ಟ ‘ಬಿ’ ಖರಾಬು ಜಾಗ ಎಲ್ಲಿ ಮಾಯವಾಗಿದೆ ಅಂತ ಅಲ್ಲೇ ಗೊತ್ತಾಗತ್ತೆ. ಸರ್ವೆ ಟಿಪ್ಪಣಿಯಲ್ಲಿ (ಹಳೇ ಅಳತೆಯ ದಾಖಲೆ) ನಾನು ಇನ್ನೊಂದು ನೋಡ್ತೀನಿ, ಅದನ್ನಿಲ್ಲಿ ಬರೆಯಲ್ಲ. ನಾನಿನ್ನೂ ಎರಡು ಸೈಟು ನೋಡ್ತಾ ಇದ್ದೀನಿ.

ಎಲ್ಲಕ್ಕಿಂತ ಅಗ್ಗದ ದಾರಿ ಕೆರೆ ನೀರನ್ನು ಗದ್ದೆಗಳಿಗೆ ಬಿಡ್ತಿದ್ದ ಊರಿನ ಹಳೇ ನೀರುಗಂಟಿಯನ್ನೋ ಅವರ ಮಗನನ್ನೋ ಹುಡುಕೋದು. ಎರಡು ಕಾಫಿ ಖರ್ಚು. ಸರ್ಜಾಪುರ ರಸ್ತೆ ಕಡೆಯ ಒಬ್ಬರು ಲೇಔಟಿನ ಗೇಟ್ ಮುಂದೆ ನಿಂತು ಕೋಲಲ್ಲಿ ತೋರಿಸಿದರು: ‘ಇಲ್ಲಿಂದ ಅಲ್ಲಿಗಂಟ ನಾಟಿ ಮಾಡ್ತಿದ್ವಿ. ಕೋಡಿ ಬಿದ್ರೆ ಎತ್ತೂ ಇಳೀತಿರ್ಲಿಲ್ಲ.’ ಆ ಲೇಔಟಲ್ಲಿ ಸೈಟು ತಗೊಳ್ಳೋಕೆ ನನ್ನ ಷಡ್ಡಕ ಕುಣೀತಿದ್ದ. 2018, ಸುಮಾರು ಅರವತ್ತೈದು ಲಕ್ಷ, ಕ್ಲಬ್‌ಹೌಸ್ ಬೇರೆ. ಬೇಡ ಅಂದೆ. ‘ಅಣ್ಣ, ನಿಮಗೆ ಹಳ್ಳದ ಹುಚ್ಚು ಹಿಡಿದಿದೆ’ ಅಂದು ತಗೊಂಡೇಬಿಟ್ಟ. ನಾನು ಮೂರ್ನಾಲ್ಕು ಕಿಲೋಮೀಟರ್ ಆಚೆ ದಿಣ್ಣೆ ಮೇಲೆ, ಖುಷ್ಕಿ ಜಮೀನಲ್ಲಿ, ನಲವತ್ತಕ್ಕೆ ಒಂದು ತಗೊಂಡೆ. ಮನೆಯಲ್ಲಿ ಎರಡು ವರ್ಷ ಅದೇ ಮಾತು, ‘ನೋಡಿ, ಅವರು ಎಂಥಾ ಕಡೆ ತಗೊಂಡ್ರು’.

2022ರ ಸೆಪ್ಟೆಂಬರ್ ಮೊದಲ ವಾರದ ಬೆಂಗಳೂರಿನ ಪ್ರವಾಹ ನಿಮಗೆಲ್ಲ ನೆನಪಿದೆ. ಹಾಲನಾಯಕನಹಳ್ಳಿ ಕೆರೆ, ಬೆಳ್ಳಂದೂರು, ವರ್ತೂರು ಅಂತ ಸಾಲಾಗಿ ದಕ್ಷಿಣ ಪಿನಾಕಿನಿಗೆ ಹೋಗೋ ನೀರು, ತನ್ನ ಹಳೇ ದಾರಿಯಲ್ಲೇ ಹೋಯ್ತು. ಷಡ್ಡಕನ ಸಂಸಾರ ಟ್ರ್ಯಾಕ್ಟರ್ ಹತ್ತಿ ಹೊರಗೆ ಬಂತು. ಕಾರು, ಫ್ರಿಜ್ಜು, ಮರದ ಕೆಲಸ ಸೇರಿ ಹದಿನೆಂಟು ಲಕ್ಷ ಅಂದ. ಹತ್ತು ದಿನ ನಮ್ಮ ದಿಣ್ಣೆ ಮೇಲಿನ ಮನೆಯಲ್ಲೇ ಇದ್ದರು. ನಾನು ಏನೂ ಅನ್ನಲಿಲ್ಲ. ನನ್ನ ಹೆಂಡತಿಯೂ ಏನೂ ಅನ್ನಲಿಲ್ಲ, ಅದೇ ದೊಡ್ಡದು.

ಎಲ್ಲ ಕಡೆ ಗೆದ್ದಿದ್ದೀನಿ ಅಂತಲ್ಲ. ಕಾರ್ಖಾನೆಗಳಿರೋ ಪೀಣ್ಯ ಹತ್ತಿರ ಒಂದು ಶೆಡ್‌ಗೆ ಐವತ್ತು ಸಾವಿರ ಟೋಕನ್ ಕೊಟ್ಟಿದ್ದೆ. ಬೋರ್ ನೀರಿಗೆ ಮುನ್ನೂರು ರೂಪಾಯಿಯ ಟಿಡಿಎಸ್ ಮೀಟರ್ ಅದ್ದಿ, ‘ಪರವಾಗಿಲ್ಲ’ ಅಂದುಕೊಂಡೆ. ಶುದ್ಧ ಪೆದ್ದತನ. ನೀರಲ್ಲಿ ಒಟ್ಟು ಎಷ್ಟು ಕರಗಿದೆ ಅಂತ ಅದು ಹೇಳತ್ತೆ, ಏನು ಕರಗಿದೆ ಅಂತ ಹೇಳಲ್ಲ. ಆಮೇಲೆ ಬಿಳಿ ಪಿಂಗಾಣಿ ಬಟ್ಟಲಲ್ಲಿ ಹಿಡಿದು ಬಿಸಿಲಿಗಿಟ್ಟಾಗ ತೆಳು ಹಳದಿ ಕಂಡಿತು. ಲ್ಯಾಬಿಗೆ ಎರಡೂವರೆ ಸಾವಿರ ಕೊಟ್ಟೆ, ಕ್ರೋಮಿಯಂ ಅಂತ ಬಂತು, ವಿಷದ ಲೋಹ. ಆ ಕಡೆಯ ಅಂತರ್ಜಲದಲ್ಲಿ ಅದು ಇರೋದು ಹೊಸ ಸುದ್ದಿಯೇನಲ್ಲ, ನನಗೆ ಮಾತ್ರ ಹೊಸದು. ಟೋಕನ್ ವಾಪಸ್ ಬರಲಿಲ್ಲ.

ಇನ್ನೊಂದು ಕಡೆ ಓನರನ್ನು ಒಪ್ಪಿಸಿ ಜೆಸಿಬಿಯಲ್ಲಿ ಆರಡಿ ಗುಂಡಿ ತೆಗೆಸಿದೆ. ಗಂಟೆಗೆ ಸಾವಿರವೋ ಏನೋ. ಮೇಲೆ ಎರಡಡಿ ಚಂದದ ಕೆಂಪು ಮಣ್ಣು, ಕೆಳಗೆ ಒಡೆದ ಟೈಲ್ಸು, ಹಾಲಿನ ಕವರು. ಇನ್ನೂ ಕೆಳಗೆ ಕರೀ ಗೋಡು, ಅದರೊಳಗೆ ಬಿಳೀ ಬಸವನಹುಳದ ಚಿಪ್ಪುಗಳು. ಕೆರೆ ಅಂಗಳ! ಒಂದು ಚಿಪ್ಪು ಜೇಬಿಗೆ ಹಾಕಿಕೊಂಡು ಬಂದೆ, ಈಗಲೂ ಟೇಬಲ್ ಮೇಲಿದೆ. ಬಕೆಟ್ ನೀರು ಸುರಿದು ಎಷ್ಟು ಹೊತ್ತಿಗೆ ಇಂಗತ್ತೆ ಅಂತ ಗಡಿಯಾರ ಹಿಡಿದು ಕೂತ ಪ್ರಯೋಗ ಮಾತ್ರ ಕೆಲಸಕ್ಕೆ ಬರಲಿಲ್ಲ. ತುಂಬಿಸಿದ ಮಣ್ಣು ಒಳ್ಳೇ ಮಣ್ಣಿಗಿಂತ ಬೇಗ ಕುಡಿದುಬಿಡ್ತು.

ದಿಣ್ಣೆಯ ಸೈಟಿಗೂ ಒಂದು ಪೆಟ್ಟಿದೆ. ನೀರು ನಿಲ್ಲಲ್ಲ ಅಂತ ಕುಣಿದವನಿಗೆ ನೀರು ಸಿಗಲ್ಲ ಅನ್ನೋದು ಹೊಳೆದಿರಲಿಲ್ಲ. ಒಂದು ಬೋರ್ ಒಂಬೈನೂರು ಅಡಿ, ಇನ್ನೊಂದು ಸಾವಿರದ ಇನ್ನೂರರ ಹತ್ತಿರ, ಎರಡೂ ಧೂಳು. ಐದು ಲಕ್ಷ ಹೋಯ್ತು. 2024ರ ಬೇಸಿಗೆಯಲ್ಲಿ ಜಿಲ್ಲಾಡಳಿತ 12,000 ಲೀಟರಿಗೆ 1,000 ರೂಪಾಯಿ ಅಂತ ದರ ಕಟ್ಟೋ ಹೊತ್ತಿಗೆ ನಾನು ಟ್ಯಾಂಕರಿಗೆ ಅದರ ಎರಡರಷ್ಟು ಕೊಟ್ಟಾಗಿತ್ತು. ಷಡ್ಡಕ ಫೋನ್ ಮಾಡಿ, ‘ಅಣ್ಣ, ನಮ್ಮ ಬೋರಲ್ಲಿ ನೂರೈವತ್ತಡಿಗೇ ನೀರಿದೆ, ಬಿಂದಿಗೆ ತಗೊಂಡು ಬನ್ನಿ’ ಅಂದ. ಹೋದೆ, ಬಿಂದಿಗೆ ಅಲ್ಲ, ಟೆಂಪೋದಲ್ಲಿ ಎರಡು ಡ್ರಮ್ ಹಾಕಿಕೊಂಡು.