ಗದ್ದೆ ಬಯಲಿನ ಮೀಥೇನನ್ನು ಗಾಳಿಯಿಂದಲೇ ಲೆಕ್ಕ ಹಾಕುವುದು ಹೇಗೆ

ಕೊಡಗಿನಲ್ಲಿ ಮಳೆ ಹಿಂದೆ ಸರಿದ ಮೇಲೆ, ಅಕ್ಟೋಬರ್ ಹೊತ್ತಿಗೆ, ಬೆಳಿಗ್ಗೆ ಆರಕ್ಕೆ ಬಾಣೆ (ಗದ್ದೆಗೆ ಸೇರಿದ ಎತ್ತರದ ಜಾಗ) ಮೇಲೆ ನಿಂತು ಕೆಳಗಿನ ಗದ್ದೆ ಬಯಲನ್ನು ನೋಡಿ. ಮಂಜು ಮಟ್ಟಸವಾಗಿ ಹಾಸಿಕೊಂಡಿರುತ್ತದೆ. ತೋಟದ ಕಾರ್ಮಿಕರ ಲೈನ್ ಮನೆಗಳ ಒಲೆ ಹೊಗೆ ಸ್ವಲ್ಪ ಮೇಲೇರಿ ಅಲ್ಲೇ ಅಡ್ಡಕ್ಕೆ ಹರಡಿ ನಿಂತುಬಿಡುತ್ತದೆ. ರಾತ್ರಿ ನೆಲ ತಣ್ಣಗಾಗುತ್ತದೆ, ನೆಲಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ ಭಾರವಾಗಿ ತಳದಲ್ಲಿ ಕೂರುತ್ತದೆ, ಅದರ ಮೇಲೆ ಬೆಚ್ಚಗಿನ ಗಾಳಿ ಪಾತ್ರೆಗೆ ಮುಚ್ಚಳ ಇಟ್ಟ ಹಾಗೆ ಇರುತ್ತದೆ. ಗದ್ದೆಯ ಕೆಸರು, ಕೊಟ್ಟಿಗೆ, ಒಲೆ, ಇವುಗಳಿಂದ ರಾತ್ರಿಯಿಡೀ ಬಂದ ಅನಿಲವೆಲ್ಲ ಆ ಮುಚ್ಚಳದ ಕೆಳಗೇ ಸೇರುತ್ತದೆ. ನಾವು ಅಳೆಯಬೇಕಾದ್ದು ಅದರಲ್ಲಿರುವ ಮೀಥೇನನ್ನು, ಅಂದರೆ ಭೂಮಿಯ ಶಾಖ ಹಿಡಿದಿಡುವ ಅನಿಲವನ್ನು.

ಸಾಮಾನ್ಯವಾಗಿ ಲೆಕ್ಕ ಹಾಕುವ ರೀತಿ ಬೇರೆ. ಇಷ್ಟು ಎಕರೆ ಗದ್ದೆ, ಎಕರೆಗೆ ಇಷ್ಟು ಮೀಥೇನ್, ಗುಣಿಸಿ ಬರೆ. ಇಷ್ಟು ದನ, ಒಂದು ದನಕ್ಕೆ ಇಷ್ಟು, ಗುಣಿಸಿ ಬರೆ. ಈ ಲೆಕ್ಕ ಬೇಡ ಅಂತ ನಾನು ಹೇಳುವುದಿಲ್ಲ, ಅದು ಬೇಕೇ ಬೇಕು. ಆದರೆ ಅದು ಸರಿಯೋ ತಪ್ಪೋ ಅಂತ ನೋಡುವವರು ಯಾರು? ಗಾಳಿ ಮಾತ್ರ. ಗಾಳಿಯಲ್ಲಿ ಇರುವುದು ನಿಜವಾಗಿ ಹೊರಬಂದ ಅನಿಲ, ಕಾಗದದ ಮೇಲೆ ಬರೆದದ್ದಲ್ಲ.

ಮೊದಲು ಒಂದು ತೊಡಕು ಅರ್ಥ ಮಾಡಿಕೊಳ್ಳಿ. ಇದು ಅರ್ಥವಾದರೆ ಮುಂದಿನದೆಲ್ಲ ಸುಲಭ. ಬಯಲಿನಲ್ಲಿ ಮೀಥೇನ್ ರಾತ್ರಿ ಒಂಬತ್ತಕ್ಕೆ 1.95 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ 1.95 ಪಾಲು) ಇತ್ತು, ಬೆಳಿಗ್ಗೆ ಐದಕ್ಕೆ 2.15 ಆಯಿತು ಅನ್ನೋಣ. 0.2 ಏರಿತು. ಹಾಗಾದರೆ ಗದ್ದೆ ಎಷ್ಟು ಬಿಟ್ಟಿತು? ಹೇಳೋಕಾಗಲ್ಲ. ಮುಚ್ಚಳ 50 ಮೀಟರ್ ಎತ್ತರದಲ್ಲಿದ್ದರೆ ಒಂದು ಉತ್ತರ, 100 ಮೀಟರ್‌ನಲ್ಲಿದ್ದರೆ ಅದರ ಎರಡು ಪಟ್ಟು. ಒಂದೇ ಚಮಚ ಸಕ್ಕರೆ ಸಣ್ಣ ಲೋಟಕ್ಕೆ ಹಾಕಿದರೆ ಜಾಸ್ತಿ ಸಿಹಿ, ಚೊಂಬಿಗೆ ಹಾಕಿದರೆ ಕಡಿಮೆ, ಅಷ್ಟೇ. ರುಚಿ ನೋಡಿ ಸಕ್ಕರೆ ಎಷ್ಟು ಅಂತ ಹೇಳಬೇಕಾದರೆ ಪಾತ್ರೆ ಎಷ್ಟು ದೊಡ್ಡದು ಅಂತ ಗೊತ್ತಿರಬೇಕು.

ಪಾತ್ರೆಯ ಗಾತ್ರ ಹೇಳುವುದಕ್ಕೇ ಟ್ರೇಸರ್ ಬೇಕು. ಅಂದರೆ ಅದೇ ನೆಲದಿಂದ, ಅದೇ ಹೊತ್ತಿನಲ್ಲಿ ಹೊರಡುವ ಮತ್ತು ಎಷ್ಟು ಹೊರಡುತ್ತದೆ ಅಂತ ನಮಗೆ ಮೊದಲೇ ಗೊತ್ತಿರುವ ಒಂದು ಜೊತೆ ಅನಿಲ. ಗದ್ದೆ ಬಯಲಿಗೆ ನಾನು ಆರಿಸುವುದು ರೇಡಾನ್ ಅನ್ನುವ ವಿಕಿರಣಶೀಲ ಅನಿಲ. ಮಣ್ಣು, ಕಲ್ಲುಗಳಲ್ಲಿರುವ ರೇಡಿಯಂನಿಂದ ಅದು ಸದಾ ಹುಟ್ಟುತ್ತಿರುತ್ತದೆ. ಯಾವುದರ ಜೊತೆಗೂ ಬೆರೆತು ಬೇರೆ ಏನೋ ಆಗುವುದಿಲ್ಲ, ಮಳೆಯಲ್ಲಿ ತೊಳೆದು ಹೋಗುವುದಿಲ್ಲ. ಕ್ಷಯಿಸುವುದಷ್ಟೇ, ಅದೂ 3.8 ದಿನಕ್ಕೆ ಅರ್ಧ. ಒಂದು ರಾತ್ರಿಯ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಜೊತೆ ಸಿಗುವುದಿಲ್ಲ.

ಗಾಳಿ ಹಿಡಿಯುವುದು

ಮೀಥೇನಿಗೆ ಲೇಸರ್ ಆಧಾರಿತ ಅನಿಲ ವಿಶ್ಲೇಷಕವೇ ಬೇಕು. ಆನ್‌ಲೈನಿನಲ್ಲಿ ಸಿಗುವ ಅಗ್ಗದ ಸೆನ್ಸರ್ ಸಿಲಿಂಡರ್ ಸೋರಿಕೆ ಹಿಡಿಯುತ್ತದೆ, 0.01 ಪಿಪಿಎಂ ವ್ಯತ್ಯಾಸ ಹಿಡಿಯುವುದಿಲ್ಲ. ಮನೆಯೊಳಗೆ ಇಡುವ ಚಿಕ್ಕ ರೇಡಾನ್ ಮೀಟರ್ ಕೂಡ ಸಾಲದು. ಹೊರಗಿನ ಗಾಳಿಯಲ್ಲಿ ರೇಡಾನ್ ಬಹಳ ಕಡಿಮೆ ಇರುತ್ತದೆ, ಗಂಟೆಗೊಮ್ಮೆ ನಂಬುವಂಥ ಅಂಕಿ ಬೇಕಾದರೆ ದೊಡ್ಡ ಉಪಕರಣ ಬೇಕು. ಕೊಳ್ಳುವುದು ಎಲ್ಲರಿಗೂ ಆಗುವ ಮಾತಲ್ಲ. ಮೈಸೂರು, ಮಂಗಳೂರು ವಿಶ್ವವಿದ್ಯಾಲಯಗಳಲ್ಲಿ ರೇಡಾನ್ ಅಧ್ಯಯನ ಬಹಳ ವರ್ಷಗಳಿಂದ ನಡೆದಿದೆ, ಕಾಲೇಜಿನ ಮೂಲಕ ಕೇಳಿ ನೋಡಿ.

ಪೈಪ್ ಬಾಯಿಯನ್ನು ಬಯಲಿನ ಮಧ್ಯಕ್ಕೆ, ಕನಿಷ್ಠ ಐದಾರು ಮೀಟರ್ ಎತ್ತರದಲ್ಲಿ ಕಟ್ಟಿ. ನಾನು ಮೊದಲ ಸಲ ಕರೆಂಟ್ ಹತ್ತಿರ ಸಿಗುತ್ತದೆ ಅಂತ ಕೊಟ್ಟಿಗೆಯ ಹಿಂದೆ ಕಟ್ಟಿದ್ದೆ. ಮೂರು ರಾತ್ರಿಯ ಅಂಕಿಗಳಲ್ಲಿ ಕಂಡದ್ದು ಬರೀ ನಾಲ್ಕು ಹಸುಗಳ ತೇಗು. ಬಯಲಿನ ಅಂಕಿ ಒಂದೂ ಸಿಗಲಿಲ್ಲ. ಬಾಯಿಗೆ ಸಣ್ಣ ಜಾಲರಿ ಹಾಕಿ, ಇಲ್ಲವಾದರೆ ಹುಳ ಗೂಡು ಕಟ್ಟುತ್ತದೆ. ಕರೆಂಟ್ ಹೋಗಿಯೇ ಹೋಗುತ್ತದೆ, ಇಡೀ ರಾತ್ರಿ ತಡೆಯುವ ಬ್ಯಾಟರಿ ಇಟ್ಟುಕೊಳ್ಳಿ. ನೆಲದಿಂದ ಥೋರಾನ್ ಅಂತ ರೇಡಾನಿನ ಇನ್ನೊಂದು ರೂಪವೂ ಬರುತ್ತದೆ. ಅದರ ಅರ್ಧಾಯುಷ್ಯ ಒಂದು ನಿಮಿಷಕ್ಕೂ ಕಡಿಮೆ. ಹಾಗಾಗಿ ಗಾಳಿ ಉಪಕರಣ ತಲುಪುವ ಮೊದಲು ಒಂದು ಡ್ರಮ್ಮಿನಲ್ಲಿ ಏಳೆಂಟು ನಿಮಿಷ ಉಳಿಯುವ ಹಾಗೆ ಮಾಡಿ, ಅದು ತಾನಾಗಿ ಮುಗಿದುಹೋಗುತ್ತದೆ.

ಇನ್ನು ತೇವ. ಕೊಡಗಿನಲ್ಲಿ ಇದನ್ನು ಹಗುರವಾಗಿ ತೆಗೆದುಕೊಂಡರೆ ಕೆಲಸವೆಲ್ಲ ಹಾಳು. 20 ಡಿಗ್ರಿಯಲ್ಲಿ ಮಂಜು ಕವಿದ ಗಾಳಿಯಲ್ಲಿ ಸುಮಾರು 2.5 ಪ್ರತಿಶತ ನೀರಿನ ಆವಿಯೇ ಇರುತ್ತದೆ. ಆವಿ ಅಷ್ಟು ಜಾಗ ಹಿಡಿದರೆ ಮೀಥೇನ್ ಅಷ್ಟು ಕಡಿಮೆ ಕಾಣುತ್ತದೆ, ಅಂದರೆ 2 ಪಿಪಿಎಂನಲ್ಲಿ 0.05. ನಾವು ಹುಡುಕುತ್ತಿರುವುದೇ 0.2, ಅದರಲ್ಲಿ ಕಾಲು ಭಾಗ ತೇವವೇ ನುಂಗಿತು ಅಂತಾಯಿತಲ್ವಾ? ಆದ್ದರಿಂದ ಗಾಳಿಯನ್ನು ಒಣಗಿಸಿ ಒಳಗೆ ಬಿಡಿ, ಅಥವಾ ಆವಿಯನ್ನೂ ಜೊತೆಗೇ ಅಳೆದು ಒಣ ಗಾಳಿಯ ಲೆಕ್ಕಕ್ಕೆ ತಿದ್ದಿ. ದಿನಕ್ಕೆ ಒಮ್ಮೆಯಾದರೂ ಅಳತೆ ಗೊತ್ತಿರುವ ಸಿಲಿಂಡರಿನ ಗಾಳಿ ಬಿಟ್ಟು ಉಪಕರಣ ಸರಿಯಿದೆಯೇ ನೋಡಿ.

ರೇಡಾನ್ ನೆಲದಿಂದ ಗಂಟೆಗೆ ಎಷ್ಟು ಬರುತ್ತದೆ ಅನ್ನುವುದನ್ನು ಪುಸ್ತಕದಿಂದ ತೆಗೆದುಕೊಳ್ಳಬೇಡಿ. ಒಣ ಮಣ್ಣು ಜಾಸ್ತಿ ಬಿಡುತ್ತದೆ, ನೆನೆದ ಮಣ್ಣು ಬಹಳ ಕಡಿಮೆ, ನೀರು ನಿಂತ ಗದ್ದೆ ಹೆಚ್ಚೂ ಕಡಿಮೆ ಏನೂ ಬಿಡುವುದಿಲ್ಲ. ಬಾಣೆಯಲ್ಲಿ, ತೋಟದಲ್ಲಿ, ಗದ್ದೆ ಬದುವಿನ ಮೇಲೆ ತಳವಿಲ್ಲದ ಡಬ್ಬಿಯನ್ನು ಕವುಚಿ ಒತ್ತಿ, ಒಳಗೆ ರೇಡಾನ್ ಎಷ್ಟು ಬೇಗ ಏರುತ್ತದೆ ಅಂತ ನೋಡಿ, ಆಯಾ ಜಾಗದ ವಿಸ್ತೀರ್ಣಕ್ಕೆ ತಕ್ಕಂತೆ ಸರಾಸರಿ ತೆಗೆಯಿರಿ. ಈ ವಿಧಾನದಲ್ಲಿ ದೊಡ್ಡ ತಪ್ಪು ನುಸುಳುವ ಜಾಗ ಇದೇ. ಎರಡು ದಿನ ಜಾಸ್ತಿ ಹಿಡಿದರೂ ಇಲ್ಲಿ ಅವಸರ ಮಾಡಬೇಡಿ.

ಲೆಕ್ಕ

ಒಂದು ಉದಾಹರಣೆ ಮಾಡೋಣ, ಅಂಕಿಗಳು ಲೆಕ್ಕ ತೋರಿಸಲು ನಾನು ಇಟ್ಟುಕೊಂಡವು. ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಐದರವರೆಗೆ ಮೀಥೇನ್ 0.2 ಪಿಪಿಎಂ ಏರಿತು. ರೇಡಾನ್ ಘನ ಮೀಟರಿಗೆ 5 ಬೆಕೆರೆಲ್‌ನಿಂದ (ಬೆಕೆರೆಲ್ ಅಂದರೆ ಸೆಕೆಂಡಿಗೆ ಒಂದು ಪರಮಾಣು ಕ್ಷಯಿಸುವಷ್ಟು) 17ಕ್ಕೆ ಹೋಯಿತು, ಅಂದರೆ 12 ಏರಿತು. ನೆಲದಿಂದ ಬರುವ ರೇಡಾನ್ ಚದರ ಮೀಟರಿಗೆ ಗಂಟೆಗೆ 72 ಬೆಕೆರೆಲ್.

ಮೊದಲು ಪಿಪಿಎಂ ಅನ್ನು ಮಿಲಿಗ್ರಾಂಗೆ ತನ್ನಿ. ಸಮುದ್ರ ಮಟ್ಟದಿಂದ 900 ಮೀಟರ್ ಮೇಲೆ, 20 ಡಿಗ್ರಿಯಲ್ಲಿ, ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 37 ಮೋಲ್ ಇರುತ್ತದೆ. ಶಾಲೆಯಲ್ಲಿ ಕಲಿತ 22.4 ಲೀಟರ್ ಲೆಕ್ಕ ಇಲ್ಲಿ ಹಾಕಿದರೆ ಸುಮಾರು 20 ಪ್ರತಿಶತ ಜಾಸ್ತಿ ಬರುತ್ತದೆ, ಯಾಕೆಂದರೆ ಅದು ಸಮುದ್ರ ಮಟ್ಟದ, ಸೊನ್ನೆ ಡಿಗ್ರಿಯ ಲೆಕ್ಕ. ಒಂದು ಮೋಲ್ ಮೀಥೇನ್ 16 ಗ್ರಾಂ, ಹಾಗಾಗಿ 0.2 ಪಿಪಿಎಂ ಅಂದರೆ ಘನ ಮೀಟರಿಗೆ ಸುಮಾರು 0.12 ಮಿಲಿಗ್ರಾಂ ಮೀಥೇನ್. ಅದನ್ನು 12ರಿಂದ ಭಾಗಿಸಿ, ಒಂದು ಬೆಕೆರೆಲ್‌ಗೆ 0.01 ಮಿಲಿಗ್ರಾಂ. 72ರಿಂದ ಗುಣಿಸಿ. ಚದರ ಮೀಟರಿಗೆ ಗಂಟೆಗೆ 0.72 ಮಿಲಿಗ್ರಾಂ, ಹೆಕ್ಟೇರಿಗೆ ಗಂಟೆಗೆ 7.2 ಗ್ರಾಂ ಮೀಥೇನ್.

ಮುಚ್ಚಳದ ಎತ್ತರ ಎಲ್ಲಿ ಹೋಯಿತು ನೋಡಿ. ಎರಡೂ ಅನಿಲಗಳಿಗೆ ಪಾತ್ರೆ ಒಂದೇ ಆದ್ದರಿಂದ ಭಾಗಿಸುವಾಗ ಅದು ತಾನಾಗಿ ಕಳಚಿಕೊಂಡಿತು. ಬೇಕಾದರೆ ಅದನ್ನೂ ತೆಗೆಯಬಹುದು: ಎಂಟು ಗಂಟೆಗೆ ಬಂದ ರೇಡಾನ್ 576 ಬೆಕೆರೆಲ್, ಅದನ್ನು 12ರಿಂದ ಭಾಗಿಸಿದರೆ 48 ಮೀಟರ್. ಬೆಳಿಗ್ಗೆ ಮಂಜಿನ ಎತ್ತರ ನೋಡಿ ಹೋಲಿಸಿ. 48ರ ಬದಲು 400 ಬಂದರೆ ಎಲ್ಲೋ ತಪ್ಪಿದೆ ಅಂತ ಅಲ್ಲೇ ಗೊತ್ತಾಗುತ್ತದೆ.

ಬರೀ ಮೊದಲ ಮತ್ತು ಕೊನೆಯ ಅಂಕಿ ಹಿಡಿಯಬೇಡಿ. ಗಂಟೆಗಂಟೆಯ ಮೀಥೇನನ್ನು ಅದೇ ಗಂಟೆಯ ರೇಡಾನಿನ ಎದುರು ಗ್ರಾಫ್ ಹಾಕಿ. ಚುಕ್ಕಿಗಳು ಒಂದು ಗೆರೆ ಹಿಡಿದರೆ ಆ ಗೆರೆಯ ಇಳಿಜಾರೇ ನಿಮಗೆ ಬೇಕಾದ ಅನುಪಾತ. ಚೆಲ್ಲಾಪಿಲ್ಲಿಯಾದರೆ ಆ ರಾತ್ರಿಯನ್ನು ಬಿಟ್ಟುಬಿಡಿ, ಗಾಳಿ ಬೀಸಿರಬಹುದು. ಮೋಡ ಕವಿದ ರಾತ್ರಿಗಳೂ ಬೇಡ. ಎಂಟು ಗಂಟೆಯಲ್ಲಿ ಮೊದಲೇ ಇದ್ದ ರೇಡಾನಿನಲ್ಲಿ ಸುಮಾರು 6 ಪ್ರತಿಶತ ಕ್ಷಯಿಸುತ್ತದೆ, ಅದನ್ನು ತಿದ್ದಿಕೊಳ್ಳಿ.

ಬಂದ 0.72 ಇಡೀ ಬಯಲು ಪ್ರದೇಶದ ಸರಾಸರಿ, ಗದ್ದೆಯೊಂದರದ್ದಲ್ಲ. ರೇಡಾನ್ ಹೆಚ್ಚಾಗಿ ಬಂದದ್ದು ಇಳಿಜಾರಿನ ಒಣ ಮಣ್ಣಿನಿಂದ, ಮೀಥೇನ್ ಬಂದದ್ದು ಕೆಸರಿನಿಂದ. ರಾತ್ರಿ ಇಳಿಜಾರಿನ ತಣ್ಣನೆ ಗಾಳಿ ಕೆಳಗಿಳಿದು ಎರಡನ್ನೂ ಬೆರೆಸುತ್ತದೆ ಅನ್ನುವ ಭರವಸೆಯ ಮೇಲೆ ಈ ಲೆಕ್ಕ ನಿಂತಿದೆ. ಹಾಗಾಗಿ ಎರಡು ಕಡೆ, ಬೇರೆ ಬೇರೆ ಎತ್ತರದಲ್ಲಿ ಗಾಳಿ ಹಿಡಿದು ಅನುಪಾತ ಒಂದೇ ಬರುತ್ತದೆಯೇ ನೋಡಿ.

ಗದ್ದೆಯದ್ದೋ, ಒಲೆಯದ್ದೋ?

ಇಲ್ಲಿ ಬೇರೆ ಜೊತೆಗಾರರು ಬೇಕು. ಮೀಥೇನಿನ ಜೊತೆ ಕಾರ್ಬನ್ ಮಾನಾಕ್ಸೈಡ್ ಕೂಡ ಏರಿದರೆ ಸೌದೆ ಒಲೆ, ಕಸಕ್ಕೆ ಹಾಕಿದ ಬೆಂಕಿ, ವಾಹನ. ಹೊಗೆಯ ಸುಳಿವಿಲ್ಲದೆ ಈಥೇನ್ ಏರಿದರೆ ನೈಸರ್ಗಿಕ ಅನಿಲದ ಸುಳಿವು, ಗದ್ದೆಗೂ ದನಕ್ಕೂ ಈಥೇನ್ ಇಲ್ಲ. ಗಾಜಿನ ಬಾಟಲಿಯಲ್ಲಿ ಗಾಳಿ ತುಂಬಿ ಪ್ರಯೋಗಾಲಯಕ್ಕೆ ಕಳಿಸಿದರೆ ಕಾರ್ಬನ್ 13ರ, ಅಂದರೆ ಕಾರ್ಬನ್ನಿನ ಸ್ವಲ್ಪ ಭಾರದ ರೂಪದ, ಪ್ರಮಾಣ ನೋಡಬಹುದು. ಅದು ಒಂದು ಮಾನಕಕ್ಕಿಂತ ಸಾವಿರಕ್ಕೆ ಎಷ್ಟು ಕಡಿಮೆ ಅಂತ ಮೈನಸ್ ಅಂಕಿಯಲ್ಲಿ ಬರೆಯುತ್ತಾರೆ. ಸೂಕ್ಷ್ಮಜೀವಿಗಳು ಮಾಡಿದ ಮೀಥೇನ್ ಸುಮಾರು ಮೈನಸ್ 60, ಸೌದೆ ಸುಟ್ಟದ್ದು ಮೈನಸ್ 25ರ ಆಸುಪಾಸು. ಗದ್ದೆ ಮತ್ತು ದನವನ್ನು ಇದು ಅಷ್ಟು ಚೆನ್ನಾಗಿ ಬೇರ್ಪಡಿಸುವುದಿಲ್ಲ. ಅದಕ್ಕೆ ಹಳೆಯ ಉಪಾಯವೇ ಸರಿ: ಗದ್ದೆಯಲ್ಲಿ ನೀರಿರುವಾಗ ಒಮ್ಮೆ ಅಳೆಯಿರಿ, ಹುತ್ತರಿ ಹಬ್ಬ ಕಳೆದು ಕೊಯ್ಲು ಮುಗಿದು ಗದ್ದೆ ಒಣಗಿದ ಮೇಲೆ ಇನ್ನೊಮ್ಮೆ ಅಳೆಯಿರಿ. ದನಗಳು ಆಗಲೂ ಅಷ್ಟೇ ಇರುತ್ತವೆ.

ಕಾರ್ಬನ್ ಡೈಆಕ್ಸೈಡಿಗೆ ಈ ದಾರಿ ಹಿಡಿಯುವಾಗ ಹುಷಾರು. ತೋಟದ ಮರಗಳು, ಎಲೆಕಸ, ಮಣ್ಣು ರಾತ್ರಿಯೆಲ್ಲ ಅದನ್ನು ಬಿಡುತ್ತಿರುತ್ತವೆ. ಪೆಟ್ರೋಲ್, ಡೀಸೆಲ್‌ನ ಪಾಲು ಬೇರ್ಪಡಿಸಲು ಕಾರ್ಬನ್ 14, ಅಂದರೆ ಕಾರ್ಬನ್ನಿನ ವಿಕಿರಣಶೀಲ ರೂಪ, ಬೇಕು. ಅದರ ಅರ್ಧಾಯುಷ್ಯ 5,730 ವರ್ಷ, ಕೋಟಿಗಟ್ಟಲೆ ವರ್ಷ ಭೂಮಿಯೊಳಗಿದ್ದ ಎಣ್ಣೆಯಲ್ಲಿ ಅದು ಉಳಿದಿಲ್ಲ.

ಕಾಫಿ ಹಣ್ಣು ಪಲ್ಪಿಂಗ್ ಮಾಡಿದ (ಸಿಪ್ಪೆ ಬಿಡಿಸಿದ) ನೀರಿನ ಗುಂಡಿಗೆ ರೇಡಾನ್ ಬೇಡ, ಟ್ರೇಸರನ್ನು ನಾವೇ ಬಿಡಬಹುದು. ಗುಂಡಿಯ ದಡದಲ್ಲಿ ವೆಲ್ಡಿಂಗಿಗೆ ಬಳಸುವ ಅಸಿಟಿಲೀನನ್ನು ಗಂಟೆಗೆ 1 ಕೆಜಿಯಂತೆ ಅಳೆದು ಬಿಡಿ. ಗಾಳಿ ಹೋಗುವ ದಿಕ್ಕಿನಲ್ಲಿ ದೂರದ ರಸ್ತೆಯಲ್ಲಿ ಎರಡೂ ಅನಿಲ ಅಳೆಯುತ್ತಾ ಅಡ್ಡಕ್ಕೆ ಹೋಗಿ. ಪಿಪಿಎಂನಲ್ಲಿ ಮೀಥೇನಿನ ಏರಿಕೆ ಅಸಿಟಿಲೀನಿನ ಎರಡು ಪಟ್ಟು ಬಂದರೆ 2ನ್ನು 16ರಿಂದ (ಮೀಥೇನಿನ ಅಣುತೂಕ) ಗುಣಿಸಿ 26ರಿಂದ (ಅಸಿಟಿಲೀನಿನದ್ದು) ಭಾಗಿಸಿ, ಗಂಟೆಗೆ ಸುಮಾರು 1.2 ಕೆಜಿ ಮೀಥೇನ್. ಅಸಿಟಿಲೀನ್ ಭಗ್ ಅಂತ ಹತ್ತಿಕೊಳ್ಳುವ ಅನಿಲ, ಅಭ್ಯಾಸ ಇರುವವರೇ ಸಿಲಿಂಡರ್ ಮುಟ್ಟಬೇಕು, ಹತ್ತಿರ ಬೀಡಿ ಕೂಡ ಇರಬಾರದು. ಕೆಲವರು ಸಲ್ಫರ್ ಹೆಕ್ಸಾಫ್ಲೋರೈಡ್ ಬಿಡುತ್ತಾರೆ. ದಯವಿಟ್ಟು ಬೇಡ. ಅದು ಕಾರ್ಬನ್ ಡೈಆಕ್ಸೈಡಿಗಿಂತ 23,000ಕ್ಕೂ ಹೆಚ್ಚು ಪಟ್ಟು ಶಾಖ ಹಿಡಿಯುತ್ತದೆ.

ಒಂದು ಬಯಲಿನ ಅಂಕಿಯನ್ನು ಗುಣಿಸಿ ಇಡೀ ಕೊಡಗಿನದು ಅನ್ನಬೇಡಿ. 4,102 ಚದರ ಕಿಲೋಮೀಟರಿನಲ್ಲಿ ಭಾಗಮಂಡಲ ಒಂದು ತರಹ, ಕುಶಾಲನಗರ ಇನ್ನೊಂದು ತರಹ. ಜಿಲ್ಲೆಗೆ ಬೇಕಾದ್ದು ಎತ್ತರದ ಬೆಟ್ಟದ ಮೇಲೆ ಒಂದು ಗೋಪುರ, ಗಾಳಿ ಚೆನ್ನಾಗಿ ಬೆರೆತಿರುವ ಮಧ್ಯಾಹ್ನದ ಅಳತೆ ಮತ್ತು ಆ ಗಾಳಿ ಎಲ್ಲೆಲ್ಲಿ ಹಾದು ಬಂತು ಅಂತ ಹಿಂದಕ್ಕೆ ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿ. ಹೈಸ್ಪ್ಲಿಟ್ ಅನ್ನುವ ಅಂಥ ಒಂದು ಮಾದರಿಯನ್ನು ಇಂಟರ್ನೆಟ್ಟಿನಲ್ಲೇ ಉಚಿತವಾಗಿ ಓಡಿಸಬಹುದು. ನಮ್ಮ ಜಾಗಕ್ಕೆ ಬರುವ ಮೊದಲೇ ಗಾಳಿಯಲ್ಲಿ ಎಷ್ಟಿತ್ತು ಅನ್ನುವುದೂ ಬೇಕು. ಅದಕ್ಕೆಂದೇ ಗೋವಾದ ಕೇಪ್ ರಾಮಾದಲ್ಲಿ 1993ರಿಂದ ಸಮುದ್ರದ ಗಾಳಿಯನ್ನು ಬಾಟಲಿಗಳಲ್ಲಿ ಹಿಡಿಯತೊಡಗಿದರು. ಇಲ್ಲೂ ರೇಡಾನ್ ಕೈ ಹಿಡಿಯುತ್ತದೆ: ಸಮುದ್ರದಿಂದ ರೇಡಾನ್ ಬರುವುದು ತೀರಾ ಕಡಿಮೆ, ಆದ್ದರಿಂದ ಮುಂಗಾರಿನಲ್ಲಿ ಅದು ಕೆಳಗಿದ್ದರೆ ಗಾಳಿ ಕಡಲಿನದು, ಚಳಿಗಾಲದಲ್ಲಿ ಏರಿದ್ದರೆ ಮೈಸೂರು ಕಡೆಯ ನೆಲದ ಮೇಲೆ ಹಾದು ಬಂದದ್ದು.

ಗಾಳಿಯಿಂದ ಲೆಕ್ಕ ಹಾಕುವ ದಾರಿ ದೊಡ್ಡ ಮಟ್ಟದಲ್ಲಿ ಕೆಲಸ ಮಾಡಿ ತೋರಿಸಿದೆ. ನೆಲದ ಕೇಂದ್ರಗಳು, ವಿಮಾನ, ಉಪಗ್ರಹದ ಅಳತೆಗಳನ್ನು ಸೇರಿಸಿ 2010ರಿಂದ 2015ರವರೆಗಿನ ಭಾರತದ ಮೀಥೇನನ್ನು ಲೆಕ್ಕ ಹಾಕಿದಾಗ ವರ್ಷಕ್ಕೆ ಸುಮಾರು 2.2 ಕೋಟಿ ಟನ್ ಬಂತು. ಭಾರತ ವಿಶ್ವಸಂಸ್ಥೆಗೆ ಕೊಟ್ಟ ಲೆಕ್ಕಕ್ಕೆ ಅದು ಹೊಂದಿಕೊಂಡಿತು.

ಫಲಿತಾಂಶ ಬರೆಯುವಾಗ ಒಂದೇ ಅಂಕಿ ಬರೆಯಬೇಡಿ. ಡಬ್ಬಿಯ ಅಳತೆಗಳಲ್ಲಿ ಕಡಿಮೆಯದು ಹಾಕಿದರೆ ಎಷ್ಟು, ಹೆಚ್ಚಿನದು ಹಾಕಿದರೆ ಎಷ್ಟು, ಎರಡನ್ನೂ ಬರೆಯಿರಿ. ಎಷ್ಟು ರಾತ್ರಿ ಅಳೆದಿರಿ, ಎಷ್ಟು ಬಿಟ್ಟಿರಿ, ಯಾಕೆ ಬಿಟ್ಟಿರಿ, ಪೈಪ್ ಎಷ್ಟು ಎತ್ತರದಲ್ಲಿತ್ತು, ಗದ್ದೆಯಲ್ಲಿ ನೀರು ಎಷ್ಟಿತ್ತು, ಎಲ್ಲ ಜೊತೆಗಿರಲಿ. ಮುಂದಿನ ವರ್ಷ ಅದೇ ಬಯಲಿನಲ್ಲಿ, ಅದೇ ತಿಂಗಳು, ಅದೇ ಕಂಬಕ್ಕೆ ಪೈಪ್ ಕಟ್ಟಿ.